ಎರಡು ಭಾನುವಾರದ ಆಟ

ಅವ್ವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದ ಹಾಗೆ ಗಟ್ಟಿಯಾಗಿ ಕಂದಿಹೋದ ಚರ್ಮವಿತ್ತು. ವರ್ಷಗಟ್ಟಲೆ ಭಾನುವಾರ ಬೆಳಿಗ್ಗೆ ಉದ್ದನೆಯ ಮೊಳೆಗಳನ್ನು ಆ ಬೆರಳಲ್ಲಿ ಹಿಡಿದು, ಬಲಗೈಯಲ್ಲಿ ಸುತ್ತಿಗೆ ಬೀಸಿ, ಕ್ರಿಕೆಟ್ ಪಿಚ್ಚಿನ ಮೇಲೆ ತೆಂಗಿನ ನಾರಿನ ಚಾಪೆಯನ್ನು ಎಳೆದು ಬಿಗಿದದ್ದರ ಗುರುತು ಅದು. ಯಾರಾದರೂ ಅಯ್ಯೋ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಉಗುರು ಹೋದ್ರೆ ಹೋಯ್ತು. ಚಾಪೆ ಸುಕ್ಕು ಬಿದ್ರೆ ಹುಡುಗ್ರ ಹಲ್ಲು ಹೋಯ್ತದೆ" ಅನ್ನುತ್ತಿದ್ದಳು.

ಕೊಯಮತ್ತೂರಿನ ಹತ್ತಿರದ ತೊಂಡಾಮುತ್ತೂರಿನಿಂದ ಆಚೆ, ಬೆಟ್ಟದ ಬುಡದಲ್ಲಿ ಅವಳ ಹೊಲ. ಒಂದು ಬದಿಗೆ ಬಾಳೆ, ಇನ್ನೊಂದು ಬದಿಗೆ ಸಾಂಬಾರ್ ಈರುಳ್ಳಿ, ನಡುವೆ ನಾಲ್ಕು ಎಕರೆ ಬಯಲು. ಆ ಬಯಲನ್ನು ಆಟಕ್ಕೆಂದು ಬಿಟ್ಟವನು ಅವಳ ಗಂಡ. ಮಗಳು ಇನ್ನೂ ತೊಟ್ಟಿಲಲ್ಲಿರುವಾಗಲೇ ಅವನು ತೀರಿಕೊಂಡ. ಬಯಲಿಗೂ ನೇಗಿಲು ಹೂಡು, ಇಲ್ಲವೇ ಮಾರಿಬಿಡು, ನಿನ್ನ ಕೈಲಿ ಎಷ್ಟು ದಿವಸ ಆದೀತು ಎಂದು ನೆಂಟರೆಲ್ಲ ಹೇಳಿದರಂತೆ. ಅವಳು ಎರಡನ್ನೂ ಮಾಡಲಿಲ್ಲ. ಮುಂದಿನ ಭಾನುವಾರ ಗಂಡನ ಸುತ್ತಿಗೆ ತೆಗೆದುಕೊಂಡು ಬಯಲಿಗೆ ಇಳಿದಳು.

ನಾನು ದಾವಣಗೆರೆಯವನು. ಕೊಯಮತ್ತೂರಿನ ಪಂಪ್ ಕಂಪನಿಯೊಂದಕ್ಕೆ ಕೆಲಸಕ್ಕೆ ಬಂದವನನ್ನು ನಮ್ಮ ಟೆಸ್ಟಿಂಗ್ ವಿಭಾಗದ ಹಿರಿಯರೊಬ್ಬರು ಆ ಬಯಲಿಗೆ ಕರೆದುಕೊಂಡು ಹೋದರು. ಅಲ್ಲಿನ ತಂಡಕ್ಕೆ ಅವರೇ ಕ್ಯಾಪ್ಟನ್. ಆಡುವವರೆಲ್ಲ ಅವಳನ್ನು ತಮಿಳಿನಲ್ಲಿ ಅಪ್ಪತ್ತಾ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದರು. ಅವಳು ಮಗಳ ಜೊತೆ ಕನ್ನಡ ಮಾತಾಡಿದ್ದು ಕಿವಿಗೆ ಬಿದ್ದು ನಾನು "ಅವ್ವಾ" ಎಂದೆ. ಮೊಳೆ ಹೊಡೆಯುತ್ತಿದ್ದ ಕೈ ನಿಂತಿತು.

"ನಮ್ಮ ಪೇಚ್ಚು ಆಡ್ತೀಯಾ ಕಣ್ಣು? ಆಡು ಆಡು. ನಂಗೆ ಓದಕ್ಕೆ ಬರದಿಲ್ಲ, ಕೇಳಕ್ಕೆ ಬತ್ತದೆ." ಪೇಚ್ಚು ಎಂದರೆ ತಮಿಳಿನಲ್ಲಿ ಮಾತು, ಕಣ್ಣು ಎಂಬುದು ಮುದ್ದಿನ ಕರೆ; ತಲೆಮಾರುಗಳ ಹಿಂದೆ ಅಲ್ಲಿ ನೆಲೆಸಿದ ಕನ್ನಡದವರ ಮನೆ ಅವಳದು.

ಅವಳ ಬಯಲಿನಲ್ಲಿ ಒಂದೇ ಬಗೆಯ ಆಟ. ಎರಡು ಭಾನುವಾರಕ್ಕೆ ಒಂದು ಪಂದ್ಯ. ಒಂದೊಂದು ತಂಡಕ್ಕೆ ಒಂದೊಂದು ಇನಿಂಗ್ಸ್, ಓವರಿಗೆ ಮಿತಿಯಿಲ್ಲ; ಎರಡನೆಯ ಸಂಜೆಯವರೆಗೆ ಹತ್ತೂ ವಿಕೆಟ್ ಬೀಳದೆ ನಿಂತರೆ ಪಂದ್ಯ ಡ್ರಾ. ಮೊದಲ ಭಾನುವಾರ ಸಂಜೆ ಔಟಾಗದೆ ಉಳಿದವನು ಇಡೀ ವಾರ ನಾಟೌಟ್. ಅವನ ಪ್ಯಾಡುಗಳನ್ನು ಅವ್ವ ದನದ ಕೊಟ್ಟಿಗೆಯ ಗೂಟಕ್ಕೆ ನೇತುಹಾಕುತ್ತಿದ್ದಳು. ಮುಂದಿನ ಭಾನುವಾರದವರೆಗೆ ಅವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ಅವನು ಬೇರೆಲ್ಲೂ ಬ್ಯಾಟು ಹಿಡಿಯುವ ಹಾಗೂ ಇರಲಿಲ್ಲ. ಆ ಗೂಟದ ಕೆಳಗೆ ಕಾಂಗೇಯಂ ತಳಿಯ ಎತ್ತುಗಳು ಮೇವು ಮೆಲ್ಲುತ್ತಿದ್ದವು. ಶನಿವಾರ ಅವೇ ಎತ್ತುಗಳು ಕಲ್ಲಿನ ಗುಂಡು ಎಳೆದು ಪಿಚ್ಚನ್ನು ಸಮ ಮಾಡುತ್ತಿದ್ದವು.

ಇಪ್ಪತ್ತು ಓವರಿನ ಆಟ ನೋಡಬಾರದು ಎನ್ನುವ ಮಡಿವಂತ ನಾನಲ್ಲ. ನೋಡುತ್ತೇನೆ, ಸಿಕ್ಸರಿಗೆ ಎದ್ದು ಕುಣಿಯುತ್ತೇನೆ. ಆದರೆ ಐದು ದಿನದ ಆಟ ಸತ್ತಿದೆ, ಪುರುಸೊತ್ತು ಇರುವವರ ಗೀಳು ಅದು ಎಂದು ಯಾರಾದರೂ ಹೇಳಿದರೆ ಈಗಲೂ ಕಾಲು ಕೆರೆದು ಜಗಳಕ್ಕೆ ಹೋಗುತ್ತೇನೆ. ಆ ಜಗಳವನ್ನು ನನಗೆ ಕಲಿಸಿದವಳು ಅವ್ವ. ಕಲಿಸುವ ಮೊದಲು ಒಂದು ಸಲ ಚೆನ್ನಾಗಿ ಅವಮಾನ ಮಾಡಿದಳು.

ಮೊದಲ ವರ್ಷದ ಮಾತು. ಮೊದಲ ಭಾನುವಾರದ ಸಂಜೆಗೆ ನಾನು ನಲವತ್ತೊಂದು ನಾಟೌಟ್. ಮುಂದಿನ ವಾರ ಇಡೀ ದಿನ ನಿಂತರೆ ಪಂದ್ಯ ಉಳಿಯುತ್ತದೆ. ಅಷ್ಟರಲ್ಲಿ ಕಂಪನಿಯ ಗೆಳೆಯರು ಶನಿವಾರ ಮಧ್ಯಾಹ್ನ ಹತ್ತು ಓವರಿನ ಪಂದ್ಯವಿದೆ ಬಾ ಎಂದರು. ಬೆಳಿಗ್ಗೆಯೇ ಹೋಗಿ, ಯಾರಿಗೂ ಹೇಳದೆ ಗೂಟದಿಂದ ಪ್ಯಾಡು ತೆಗೆದುಕೊಂಡು ಹೊರಟೆ. ಮೂರು ಸಿಕ್ಸರ್ ಹೊಡೆದು ಔಟಾದೆ, ಎಲ್ಲರೂ ಬೆನ್ನು ತಟ್ಟಿದರು. ಭಾನುವಾರ ಪ್ಯಾಡು ಕಟ್ಟಿಕೊಳ್ಳುವಾಗ, ಸುದ್ದಿ ತಿಳಿದಿದ್ದ ಅವ್ವ ಎದುರಿಗೆ ಬಂದು ನಿಂತಳು.

"ನಿನ್ನೆ ಔಟಾದೋನು ಇವತ್ತು ಹೆಂಗೆ ನಾಟೌಟು?"

"ಅದು ಬೇರೆ ಆಟ ಅಲ್ಲವಾ ಅವ್ವ?"

"ಆಟ ಬೇರೆ. ಕೈ ಅದೇ ತಾನೆ?"

ನಾನು ನಕ್ಕೆ. ಅಂಪೈರೂ ನಕ್ಕರು. ನಾಲ್ಕನೆಯ ಎಸೆತಕ್ಕೆ ಶನಿವಾರದ ಕೈ ತಾನಾಗಿ ಮೇಲೆದ್ದಿತು, ಚೆಂಡು ಆಕಾಶಕ್ಕೆ ಹೋಯಿತು, ಕೆಳಗೆ ಇಳಿಯುವ ಹೊತ್ತಿಗೆ ಮೂವರು ಫೀಲ್ಡರುಗಳು ಕಾಯುತ್ತಿದ್ದರು. ಊಟದ ಹೊತ್ತಿಗೆ ನಾವು ಸೋತಿದ್ದೆವು. ಅವ್ವ ಬೈಯಲಿಲ್ಲ. ಎಲ್ಲರಿಗೂ ಬಡಿಸಿದ ಹಾಗೆ ನನಗೂ ಅನ್ನ, ಅವರೆಕಾಳು ಸಾರು ಬಡಿಸಿದಳು.

ಊಟವಾದ ಮೇಲೆ ಅವಳೇ ಬ್ಯಾಟು ತಂದು ಕೈಗಿಟ್ಟಳು. ಮುಂದಕ್ಕೆ ಕಾಲಿಟ್ಟು, ತಲೆ ಬಗ್ಗಿಸಿ ಚೆಂಡನ್ನು ತಡೆಯುತ್ತೇವಲ್ಲ, ಅದಕ್ಕೆ ಅವಳ ಮಾತಿನಲ್ಲಿ ಕುಂಬಿಡುವುದು ಎಂದು ಹೆಸರು, ಎಂದರೆ ಕೈಮುಗಿಯುವುದು. "ಒಳ್ಳೆ ಚೆಂಡು ಬಂದ್ರೆ ಕುಂಬಿಡು. ಕೆಟ್ಟ ಚೆಂಡು ಬಂದ್ರೆ ಬುಡಬ್ಯಾಡ. ಅವಸರ ಏನುಕ್ಕೆ? ನಿನ್ನ ಯಾರೂ ಎಣಿಸ್ತಾ ಇಲ್ಲ ಇಲ್ಲಿ." ನನಗೆ ಆ ಕೊನೆಯ ಮಾತು ತಾಗಿತು. ಆರು ಎಸೆತ ಉಳಿದಿವೆ, ಮೂರು ಉಳಿದಿವೆ ಎಂದು ಯಾರೂ ಎಣಿಸದ ಜಾಗದಲ್ಲಿ ನಾನು ಅಲ್ಲಿಯವರೆಗೆ ನಿಂತೇ ಇರಲಿಲ್ಲ. ಗಂಡ ಹೋದ ದಿನದಿಂದ ಊರೆಲ್ಲ ಅವಳ ದಿನ ಎಣಿಸಿತ್ತು. ಅವಳು ಎಣಿಸಿರಲಿಲ್ಲ, ಅಷ್ಟೇ.

ಆಮೇಲಿನ ವರ್ಷಗಳಲ್ಲಿ ತಂಡಗಳು ಕಡಿಮೆಯಾದವು. ಎರಡು ಭಾನುವಾರ ಯಾರಿಗಿದೆ? ಒಮ್ಮೆ ಎದುರಾಳಿಗಳು ಎರಡನೆಯ ಭಾನುವಾರ ಬರಲೇ ಇಲ್ಲ, ಎಲ್ಲೋ ಹತ್ತು ಓವರಿನ ಟೂರ್ನಮೆಂಟಿಗೆ ಹೋಗಿದ್ದರು. ಅವ್ವ ಆದರೂ ಚಾಪೆ ಬಿಗಿದಳು, ಸ್ಟಂಪು ನೆಡಿಸಿದಳು. ಸಂಜೆಯವರೆಗೆ ನಾವು ಹನ್ನೊಂದು ಜನ ಹುಣಸೆಮರದ ಕೆಳಗೆ ಕೂತೆವು. ನನಗೆ ನಗು ಬಂದಿತ್ತು, ಅವಳ ಮುಖ ನೋಡಿ ಅಡಗಿಸಿಕೊಂಡೆ.

ಆ ಸುಮಾರಿಗೇ ಅವಳ ಮೈದುನನ ಮಗ ಬಂದ. ಬಯಲಿಗೆ ದೀಪದ ಕಂಬ ಹಾಕಿಸಿ, ಮೈಕು ಕಟ್ಟಿಸಿ, ನಡುವೆ ಸಿಮೆಂಟಿನ ಪಿಚ್ಚು ಮಾಡಿಸಿ ಹತ್ತು ಓವರಿನ ಟೂರ್ನಮೆಂಟು ನಡೆಸುವುದು ಅವನ ಆಸೆ.

"ದೊಡ್ಡವ್ವಾ, ದಿನಕ್ಕೆ ಎಂಟು ಮ್ಯಾಚು ಆಡ್ಬೋದು. ಜನ ಬತ್ತಾರೆ. ನಿಂಗೂ ಮೊಳೆ ಹೊಡೆಯೋ ಕಷ್ಟ ತಪ್ತದೆ."

"ನಂಗೆ ಕಷ್ಟ ಅಂತ ನಿಂಗ್ಯಾರು ಹೇಳಿದ್ದು?"

"ಕಾಲ ಬದಲಾಗಿ ಹೋಯ್ತು ದೊಡ್ಡವ್ವ."

"ಹೋಗ್ಲಿ ಬುಡು. ನಾನು ಎಲ್ಲೂ ಹೋಗಿಲ್ಲ. ಸಿಮಿಂಟು ಹಾಕಿದ್ ಮಣ್ಣು ತಿರುಗಿ ಮಣ್ಣಾಗದಿಲ್ಲ ಕಣ್ಣು. ಕಾಪಿ ಕುಡ್ಕೊಂಡು ಹೋಗು."

ಅವನು ಕಾಫಿ ಕುಡಿದು ಹೋದ. ಆದರೆ ಮಗಳ ಮನಸ್ಸು ಅವನ ಕಡೆಗೆ ವಾಲಿತ್ತು. ಅಕ್ಕ ಎಂದು ನಾನು ಕರೆಯುತ್ತಿದ್ದ ಆಕೆ ಒಂದು ಸಲ ನನ್ನೆದುರೇ ಹೇಳಿದಳು: "ಊರಿನ ಮಕ್ಕಳಿಗೆಲ್ಲ ಭಾನುವಾರ ಅವ್ವಂದಿರು ತಲೆಗೆ ಎಣ್ಣೆ ತಟ್ಟೋರು. ನಮ್ಮವ್ವ ಮೊಳೆ ತಟ್ಟೋಳು. ಅವ್ವ ಇರೋಗಂಟ ಇರ್ಲಿ. ಆಮೇಲೆ ಈ ಬಯಲು ಏನಾದ್ರೂ ಆಗ್ಲಿ." ಅವ್ವ ಇಲ್ಲದ ದಿನ ಸಿಮೆಂಟು ಬಂದೇ ಬರುತ್ತದೆ ಎಂಬುದು ಅವತ್ತೇ ಖಾತ್ರಿಯಾಯಿತು.

ಕಳೆದ ವರ್ಷ ತಿರುಪ್ಪೂರಿನ ಬನಿಯನ್ ಕಂಪನಿಗಳ ಹುಡುಗರ ಜೊತೆ ಪಂದ್ಯ. ಮೊದಲ ಭಾನುವಾರ ಅವರು ಇನ್ನೂರ ಅರವತ್ತೆರಡು ರನ್ ಹೊಡೆದು ಡಿಕ್ಲೇರ್ ಮಾಡಿದರು. ಸಂಜೆಗೆ ನಾವು ಎರಡು ವಿಕೆಟ್ಟಿಗೆ ಇಪ್ಪತ್ತೆಂಟು, ನಾನು ಹನ್ನೊಂದು. ಅವ್ವ ನನ್ನ ಪ್ಯಾಡು ಗೂಟಕ್ಕೆ ಹಾಕಿ, "ಇನ್ನ ಐತೆ ಕಣ್ಣು" ಎಂದಳು. ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಗುರುವಾರ ಬೆಳಿಗ್ಗೆ ಎತ್ತುಗಳಿಗೆ ನೀರು ಇಡುವಾಗ ಕುಸಿದವಳು ಮತ್ತೆ ಏಳಲಿಲ್ಲ. ಮಣ್ಣು ಮಾಡಿ ಬಂದು ಕೊಟ್ಟಿಗೆಯ ಹತ್ತಿರ ಕೈಕಾಲು ತೊಳೆಯುವಾಗ ಗೂಟದಲ್ಲಿ ನನ್ನ ಪ್ಯಾಡು ಕಂಡಿತು. ಅಲ್ಲೇ ಕೂತು ಅತ್ತೆ.

ಸೂತಕದ ಮನೆ, ಪಂದ್ಯ ಕೈಬಿಡೋಣ ಎಂದು ಕ್ಯಾಪ್ಟನ್ ತಿರುಪ್ಪೂರಿನವರಿಗೆ ತಿಳಿಸಿದ್ದರು. ಶನಿವಾರ ಸಂಜೆ ಅಕ್ಕ ಕ್ಯಾಪ್ಟನ್ನರಿಗೆ ಫೋನು ಮಾಡಿದಳು. ನಾಳೆ ಬಿಗಿಯುವ ಮೊದಲು ಚಾಪೆ ನೆನೆಸಬೇಕು, ಯಾರು ಬರುತ್ತೀರಿ ಎಂದು ಕೇಳಿದಳು. ನಾವು ಹೋದಾಗ ನೆಂಟರು ಗೊಣಗುತ್ತಿದ್ದರು. ಸಾವಿನ ಮನೆ ಮುಂದೆ ಆಟವೇ ಎಂದು ಹಿರಿಯರೊಬ್ಬರು ಅಡ್ಡ ಬಂದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಹೇಳಿದಳು: "ನಮ್ಮವ್ವ ಯಾವತ್ತೂ ಆಟ ಅರ್ಧಕ್ಕೆ ಬುಟ್ಟು ಎದ್ದೋಳಲ್ಲ. ಅವಳು ಬುಟ್ಟೋದ ಆಟ ನಾನೂ ಬುಡದಿಲ್ಲ. ಇದೊಂದು ಮುಗೀಲಿ."

ಇದೊಂದು ಮುಗಿದ ಮೇಲೆ ಏನು ಎಂದು ಕೇಳದೆಯೇ ನಾವು ಚಾಪೆ ನೆನೆಸಿದೆವು.

ಕ್ಯಾಪ್ಟನ್ ಮತ್ತೆ ಹೇಳಿಕಳಿಸಿದ್ದರಿಂದ ಭಾನುವಾರ ತಿರುಪ್ಪೂರಿನ ಹುಡುಗರು ಬಂದರು, ಅವ್ವನಿಗಾಗಿ ಎರಡು ನಿಮಿಷ ಸುಮ್ಮನೆ ನಿಂತರು, ಆಮೇಲೆ ಒಂದು ಚೂರೂ ಕರುಣೆ ತೋರದೆ ಬೌಲಿಂಗ್ ಮಾಡಿದರು. ಅವಳಿಗೆ ಅದು ಹಿಡಿಸುತ್ತಿತ್ತು. ಊಟಕ್ಕೆ ನಾಲ್ಕು ವಿಕೆಟ್ ಹೋಗಿತ್ತು. ಚಹಾದ ಹೊತ್ತಿಗೆ ಏಳು. ಗೆಲ್ಲುವ ಮಾತೇ ಇರಲಿಲ್ಲ, ಉಳಿದದ್ದು ನಿಲ್ಲುವುದೊಂದೇ. ಕೊನೆಯ ಅರ್ಧ ಗಂಟೆ ಉಳಿದಾಗ ಒಂಬತ್ತು ವಿಕೆಟ್ ಬಿದ್ದಿತ್ತು. ಮೊಣಕಾಲು ನೋವಿನ ಕ್ಯಾಪ್ಟನ್ ಆ ತುದಿ, ನಾನು ಈ ತುದಿ. ಬ್ಯಾಟಿನ ಸುತ್ತ ಎಂಟು ಜನ ಬಗ್ಗಿ ನಿಂತಿದ್ದರು. ನಾನು ಕುಂಬಿಟ್ಟೆ, ಮತ್ತೆ ಕುಂಬಿಟ್ಟೆ. ಕೆಟ್ಟ ಚೆಂಡು ಬಂದರೂ ಆ ಅರ್ಧ ಗಂಟೆ ಬಿಟ್ಟುಬಿಟ್ಟೆ, ಅದೊಂದರಲ್ಲಿ ಅವ್ವನ ಮಾತು ಮೀರಿದೆ. ಅಂಪೈರ್ ಬೇಲ್ಸ್ ತೆಗೆದಾಗ ನಾವು ಒಂಬತ್ತಕ್ಕೆ ನೂರ ಐವತ್ತೆಂಟು.

ಮೈದುನನ ಮಗ ಹುಣಸೆಮರದ ಕೆಳಗೆ ಅಕ್ಕನ ಪಕ್ಕದಲ್ಲಿ ನಿಂತಿದ್ದ. ನಾನು ಪ್ಯಾಡಿನಲ್ಲೇ ಅವರ ಹತ್ತಿರ ಬಂದೆ.

"ನೂರ ನಾಲ್ಕು ಕಮ್ಮಿ" ಎಂದ ಅವನು, "ಸೋತ್ರಿ ತಾನೆ?"

"ಎಲ್ಲಿ ಸೋತ್ರು?" ಎಂದಳು ಅಕ್ಕ. "ಬೆಳಿಗ್ಗೆಯಿಂದ ಅಲ್ಲೇ ನಿಂತವ್ನೆ, ಕಣ್ಣು ಕಾಣ್ತಾ ಇಲ್ವಾ ನಿಂಗೆ?"

"ಸರಿ, ಆಟ ಮುಗೀತಲ್ಲ. ಸಿಮಿಂಟು ವಿಷಯ..."

"ಮುಂದಿನ ಭಾನುವಾರ ಬ್ಯಾರೆ ಆಟ ಐತೆ ಅಣ್ಣಾ. ಅದರ ಮುಂದಿನ ಭಾನುವಾರನೂ ಐತೆ."

ಹೇಳಿದವಳೇ ನನ್ನ ಕಡೆ ತಿರುಗಿ ಗೂಟಕ್ಕೆ ಹಾಕಲು ಪ್ಯಾಡು ಕೇಳಿದಳು. ಪಂದ್ಯ ಮುಗಿದಿತ್ತು, ಹಾಕಬೇಕಾಗಿರಲಿಲ್ಲ. ಆದರೂ ಬಿಚ್ಚಿ ಕೊಟ್ಟೆ.

ಈಗ ಚಾಪೆಯ ಒಂದು ಬದಿಗೆ ಅಕ್ಕ ಮೊಳೆ ಹೊಡೆಯುತ್ತಾಳೆ, ಇನ್ನೊಂದು ಬದಿಗೆ ನಾನು. ನನಗೆ ಆ ಕೆಲಸ ಇನ್ನೂ ಸರಿಯಾಗಿ ಬಂದಿಲ್ಲ. ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಬಿದ್ದುಹೋಗುತ್ತದೆ ಎಂದು ಕಂಪನಿಯ ಡಾಕ್ಟರು ಹೇಳಿದ್ದಾರೆ. ಹೋದರೆ ಹೋಗಲಿ.