ಮರಿ ಮಲಗಿದ ಕಂಬಳಿ

ನರೋಣಾದ ಕುರಿಗಾರ ಬೀರಣ್ಣನ ಹಿರಿಯ ಹೆಂಡತಿ ನಿಂಬೆವ್ವ ಸವತಿಯ ಸೀರೆಗಾಗಲಿ, ಬಳೆಗಾಗಲಿ ಹೊಟ್ಟೆ ಉರಿಸಿಕೊಂಡವಳಲ್ಲ. ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ನಾಯಿಮರಿಯಿಂದ.

ಅದು ಮಹಾಯುದ್ಧದ ಕಾಲ. ಜೋಳದ ರಾಶಿ ಮುಗಿದರೆ ಸಾಕು, ಬೀರಣ್ಣ ಕುರಿ ಹೊಡೆದುಕೊಂಡು ಅಫಜಲಪುರದ ಕಡೆಗೆ, ಭೀಮಾ ದಂಡೆಯ ಹೊಲಗಳಿಗೆ ಹೊರಡುತ್ತಿದ್ದ. ತಿರುಗಿ ಬರುವುದು ಮಳೆಗಾಲ ಹಿಡಿದ ಮೇಲೆ. ಜೊತೆಗೆ ಹೋಗುತ್ತಿದ್ದವಳು ನಿಂಬೆವ್ವ. ಈ ವರ್ಷ ಮನೆಯಲ್ಲಿ ಗೌರಾಬಾಯಿಯೂ ಇದ್ದಳು, ಹೊಸದಾಗಿ ಬಂದ ಕಿರಿಯವಳು. ಒಬ್ಬಳು ಹಿಂಡಿನ ಹಿಂದೆ, ಒಬ್ಬಳು ಮನೆ ಕಾಯಲು. ಯಾರು ಎಲ್ಲಿಗೆ?

ಹಳೆಯ ನಾಯಿಯನ್ನು ತೋಳ ಕೊಂದಿತ್ತು. ಬೀರಣ್ಣ ಜೇವರ್ಗಿಯ ಧರ್ಮಣ್ಣನ ಹಟ್ಟಿಯಿಂದ, ತಾಯಿಹಾಲು ಆಗಷ್ಟೇ ಬಿಟ್ಟ ಕರಿಮರಿಯೊಂದನ್ನು ತಂದ. ಕುರಿಗಾರರು ಅಂಥ ಮರಿಯನ್ನು ಸಂಜೆ ಕುರಿಮರಿಗಳ ಜೊತೆ ನೆಲದ ಮೇಲೆ ಬಿಟ್ಟು, ಮೇಲೆ ಬಿದಿರಿನ ದೊಡ್ಡ ಬುಟ್ಟಿ ಬೋರಲು ಹಾಕುತ್ತಾರೆ. ಕೆಳಗೆ ಹಾಸುವುದು ಹಿಂಡಿನ ಹಿಂದೆ ನಡೆಯುವವರ ಕಂಬಳಿಯ ತುಂಡು. ಆ ವಾಸನೆಗೆ ಒಗ್ಗಿದ ನಾಯಿ ಸಾಯುವ ತನಕ ಆ ಮನುಷ್ಯರ ಮಾತು ಕೇಳುತ್ತದೆ.

"ಮರಿ ಯಾರ ಕಂಬಳಿ ಮ್ಯಾಲ ಸುಮ್ಮಗ ಮಲಗ್ತದೋ ಅಕಿ ಬರ್ಲಿ," ಎಂದ ಬೀರಣ್ಣ. ಇಬ್ಬರು ಹೆಂಗಸರ ತೀರ್ಪನ್ನು ನಾಯಿಮರಿಗೆ ಒಪ್ಪಿಸಿ ಬೀಡಿ ಹಚ್ಚಿದ. ಇದನ್ನು ಊರಲ್ಲಿ ಯಾರೂ ತಪ್ಪೆನ್ನಲಿಲ್ಲ. ಆದರೂ ಅದು ತಪ್ಪೇ. ಎದುರಿಗೆ ಕೂತ ಇಬ್ಬರನ್ನು ಬಾಯಿಬಿಟ್ಟು ಕೇಳಲು ಅವನಿಗೇನು ನಾಲಿಗೆ ಇರಲಿಲ್ಲವೇ?

ಮೊದಲು ಗೌರಾಬಾಯಿಯ ತುಂಡು ಹಾಸಿದರು. ಮರಿ ಸ್ವಲ್ಪ ಕುಂಯ್‌ಗುಟ್ಟಿತು, ಬುಟ್ಟಿ ಕೆರೆಯಿತು, ಆಮೇಲೆ ಕುರಿಮರಿಯ ಹೊಟ್ಟೆಗೆ ಮೂತಿ ತೂರಿ ಮಲಗಿಬಿಟ್ಟಿತು. ಬೀರಣ್ಣ ನಕ್ಕ. ಆ ನಗು ನಿಂಬೆವ್ವನಿಗೆ ತಡೆಯದಾಯಿತು.

ಮರುದಿನ ಸಂಜೆ ಎಲ್ಲರೂ ಉಣ್ಣುತ್ತಿದ್ದಾಗ ಅವಳು ಬುಟ್ಟಿ ಎತ್ತಿ, ಸವತಿಯ ತುಂಡು ಎಳೆದು ಬಿಸಾಕಿ, ತನ್ನದನ್ನು ಹಾಸಿದಳು. ಹಳೆಯ ಕಂಬಳಿಗೆ ಕತ್ತರಿ ಇಡಲು ಮನಸ್ಸು ಬರಲಿಲ್ಲ. ಗೌರಾಬಾಯಿ ಬರುವ ಮೊದಲು ಗಂಡನೂ ತಾನೂ ಹೊದ್ದದ್ದು ಅದು. ಮಗ್ಗದಿಂದ ಮೊನ್ನೆಯಷ್ಟೇ ಬಂದ ಹೊಸ ಕಂಬಳಿಯನ್ನು ಕತ್ತರಿಸಿದ್ದಳು. ಒಳ್ಳೆಯದನ್ನೇ ಕೊಟ್ಟರೆ ಮರಿ ತನ್ನದಾದೀತು ಎಂಬ ಆಸೆ.

ಮರಿ ಊಳಿಡತೊಡಗಿತು. ಕುರಿಮರಿಗಳೂ ಬೆದರಿ ಒದರಿದವು.

"ತೋಳ ಕರಿಯಾಕತ್ತದೇನ್ ಅದು? ಹಿಂಗಾದ್ರ ನಾಳಿ ಧರ್ಮಣ್ಣಗ ವಾಪಸ್ ಕೊಟ್ಟು ಬರ್ತೇನಿ," ಎಂದು ಬೀರಣ್ಣ ಒಳಗಿನಿಂದ ಗದರಿದ.

ಗೌರಾಬಾಯಿ ಕೈ ತೊಳೆದು ಹೊರಗೆ ಬಂದಳು. ಬುಟ್ಟಿ ಸರಿಸಿದಳು. ತುಂಡು ಮೂಸಿ ನೋಡಿದಳು.

"ಅಕ್ಕಾ, ಹೊಸಾದು ಹಾಕೀದೇನ? ಇದರಾಗ ಹುಣಸಿಬೀಜದ ಗಂಜಿ ನಾರ್ತದ. ನಿನ್ನ ವಾಸನಿ ಎಲ್ಲ್ಯದ ಇದರಾಗ?"

ನಿಂಬೆವ್ವ ತುಂಡನ್ನು ಕಸಿದು ತಾನೂ ಮೂಸಿದಳು. ಹೊಸ ಕಂಬಳಿ ಬಿಗಿಯಾಗಲೆಂದು ನೇಕಾರರು ಹಚ್ಚುವ ಗಂಜಿ ಅದು. ಕಂಬಳಿಯ ನಡುವೆಯೇ ಬೆಳೆದವಳಿಗೆ ಅಸೂಯೆಯಲ್ಲಿ ಅದೂ ಮರೆತುಹೋಗಿತ್ತು.

"ಅವನಿಗಿ ಹೇಳ್ತೀ?"

"ನಾ ಯಾಕ ಹೇಳ್ಲಿ. ಹಳೇದು ತಾ ಹೋಗ್, ಅದು ಒದರಿ ಸಾಯ್ತದ."

ನಿಂಬೆವ್ವ ಒಳಗೆ ಹೋಗಿ, ಹಳೆಯ ಕಂಬಳಿಯ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ಮರಿ ಆ ತುಂಡಿನ ಸುತ್ತ ತಿರುಗಿತು, ಮೂಸಿತು, ಬಾಲ ಮಡಚಿ ಬಿದ್ದುಕೊಂಡಿತು. ಸದ್ದಡಗಿತು. "ಯಾರದು ಹಾಸೀರಿ?" ಎಂದ ಬೀರಣ್ಣ. "ಅಕ್ಕಂದು," ಎಂದಳು ಗೌರಾಬಾಯಿ. ಮರಿ ಊಳಿಟ್ಟದ್ದು ಕಿರಿಯವಳ ತುಂಡಿನ ಮೇಲೆಂದೇ ಅವನು ತಿಳಿದ. ಅಷ್ಟಕ್ಕೆ ತೀರ್ಪಾಯಿತು.

ಹೊರಡುವ ದಿನ ಬೆಳಗ್ಗೆ ಗೌರಾಬಾಯಿ ದಾರಿಯ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಮುಖದಲ್ಲಿ ಅಳುವಿನ ಸುಳಿವಿಲ್ಲ. ಗೆದ್ದ ನಿಂಬೆವ್ವನಿಗೆ ಅದನ್ನು ನೋಡಲಾಗಲಿಲ್ಲ.

"ಗಂಡ ಹೊಂಟಾನ. ನಿನಗ ಏನೂ ಅನಸೂದಿಲ್ಲೇನ್ ಬೇ?"

"ಬಿಸಲಾಗ ಕುರಿ ಹಿಂದ ತಿರಗಾಕ ನಾ ಸಾಯಾಕತ್ತೇನಿ ಅಂತ ತಿಳದಿದ್ದೇನ ಅಕ್ಕಾ? ನನ್ನ ಯಾರ ಕೇಳ್ಯಾರ? ನೀವು ಆ ಕಡಿ ಹೋದ್ರ, ಬಾಗಲಾ ಹಾಕ್ಕೊಂಡು ಕಾಲು ಚಾಚಿ ಮಲಗ್ತೇನಿ."

ನಿಂಬೆವ್ವ ಬುತ್ತಿ ಹೊತ್ತು, ಮರಿಯನ್ನು ಕಂಕುಳಲ್ಲಿ ಹಿಡಿದು ಹಿಂಡಿನ ಹಿಂದೆ ನಡೆದಳು. ಊರು ದಾಟುವ ಮೊದಲೇ ಬಿಸಿಲು ಏರಿತ್ತು. ಕಾಲು ಚಾಚಿ ಮಲಗುವ ಆ ಹುಡುಗಿಯ ಮೇಲೆ ಅವಳ ಹೊಟ್ಟೆ ಹೊಸದಾಗಿ ಉರಿಯತೊಡಗಿತ್ತು.