ದನಿ ನಿಂತರೆ ಅಭ್ಯಾಸ ನಿಂತಂತೆ

ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದ ಹೊಸದು. ನಾನಾಗ ಕಲಘಟಗಿ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ನಿವೃತ್ತಿ ಹತ್ತಿರ ಬಂದಿತ್ತು. ಮೊದಲನೆಯ ಪರೀಕ್ಷೆಯಲ್ಲಿ ಫೇಲಾದವರಿಗೆ ಎರಡನೆಯದಕ್ಕೆ ಸಿಗುವ ಸಮಯ ತೀರಾ ಕಡಿಮೆ. ಬಿರುಬಿಸಿಲಲ್ಲಿ ಅವರಿಗೆ ವಿಶೇಷ ತರಗತಿ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲೇ ನಾನು ಕೂತಲ್ಲಿ ಕೂರುವವಳಲ್ಲ. ಗೋಡೆಯ ಕ್ಯಾಲೆಂಡರ್ ಕಂಡರೆ ಉಳಿದ ದಿನ ಎಣಿಸುತ್ತಿದ್ದೆ, ಪರೀಕ್ಷೆ ನನಗೇ ಇದ್ದ ಹಾಗೆ.

ಆ ಗುಂಪಿನಲ್ಲಿ ನನ್ನ ನಿದ್ದೆ ಕೆಡಿಸಿದವಳು ದೇವಿಕೊಪ್ಪದ ರೇಣುಕಾ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಒಮ್ಮೆಲೇ ಇಂಗ್ಲಿಷ್ ಪಠ್ಯ. ಜೀವಶಾಸ್ತ್ರ ಒಂದರಲ್ಲೇ ಫೇಲಾಗಿದ್ದಳು. ಅವಳಿಗೆ ನರ್ಸಿಂಗ್ ಓದುವ ಆಸೆ. ಟೆಂಪೊ ಓಡಿಸುವ ತಂದೆಗೆ ಮೂರನೆಯ ಪರೀಕ್ಷೆಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಈ ಸಲ ಆಗದಿದ್ದರೆ ಹುಬ್ಬಳ್ಳಿಯ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುವುದು ಎಂದು ಮಾಲೀಕರ ಜತೆ ಮಾತಾಡಿಯೇ ಬಂದಿದ್ದರು.

ಅವಳು ಸೋಮಾರಿಯಲ್ಲ. "ಅಭ್ಯಾಸ ಬಾಳ ಮಾಡತೇನ್ರಿ ಮೇಡಂ, ತಲ್ಯಾಗ ಏನೂ ಉಳಿಯವಲ್ದು," ಎನ್ನುತ್ತಿದ್ದಳು. ನಮ್ಮ ಕಡೆ ಅಭ್ಯಾಸ ಎಂದರೆ ಓದು. ಹೇಗೆ ಓದಬೇಕೆಂದು ತರಗತಿಯಲ್ಲೇ ಹೇಳಿಕೊಟ್ಟೆ. ತಲೆಬರಹ ಕಂಡ ಕೂಡಲೇ ಅದನ್ನೊಂದು ಪ್ರಶ್ನೆ ಮಾಡಿಕೊ. ಉತ್ತರ ಹುಡುಕುತ್ತಾ ಓದು. ಚಿತ್ರ ನೋಡು ಎಂದು ಬರೆದಿದ್ದರೆ ನಿಂತು ಚಿತ್ರ ನೋಡು. ಆಮೇಲೆ ಪುಸ್ತಕ ಮುಚ್ಚಿ, ಸುಮ್ಮನೆ ಕೂತು, ಏನು ಉಳಿಯಿತೆಂದು ನೆನಪಿಸಿಕೊ. ಉಳಿಯದ್ದಕ್ಕೆ ಮಾತ್ರ ಮತ್ತೆ ಪುಸ್ತಕ ತೆರೆ. ಆ್ಯಕ್ಟಿವ್ ರೀಕಾಲ್ ಅನ್ನುವುದು ಈ ನೋಡದೆ ನೆನೆಯುವ ಕೆಲಸಕ್ಕೇ. ರೇಣುಕಾ ಎಲ್ಲದಕ್ಕೂ "ಹೌದ್ರಿ ಮೇಡಂ" ಅಂದಳು. ಮುಂದಿನ ಕಿರುಪರೀಕ್ಷೆಯಲ್ಲಿ ಮತ್ತದೇ ಹಾಡು. ಪುಸ್ತಕದ ವಾಕ್ಯಗಳು ಅರ್ಧಕ್ಕೆ ತುಂಡಾಗಿದ್ದವು. "ಚಿತ್ರದಲ್ಲಿ ತೋರಿಸಿದಂತೆ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು, ಚಿತ್ರ ಮಾತ್ರ ಇರಲಿಲ್ಲ. ನನಗೆ ನಗು ಬಂತು, ಆದರೆ ಅಷ್ಟಕ್ಕೇ ಬಿಡುವಂತಿರಲಿಲ್ಲ. ಅದೇ ಶನಿವಾರ ದೇವಿಕೊಪ್ಪದ ಬಸ್ ಹತ್ತಿದೆ.

ಅವರ ಮನೆ ಕೇಳುವ ಅಗತ್ಯವೇ ಬೀಳಲಿಲ್ಲ. ಓಣಿಯ ತಿರುವಿಗೇ ರೇಣುಕಾಳ ದನಿ ಕೇಳಿಸುತ್ತಿತ್ತು. ಉಸಿರು ಸಹ ತೆಗೆದುಕೊಳ್ಳದೆ ಓದುತ್ತಿದ್ದಳು. "ಸೀ ಫಿಗರ್" ಎಂಬುದನ್ನೂ ಓದಿ ಹಾಗೇ ಮುಂದೆ ಓಡಿದಳು. ಬಾಗಿಲಲ್ಲಿ ನನ್ನನ್ನು ಕಂಡು ಗಕ್ಕನೆ ನಿಲ್ಲಿಸಿದಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದಿನ ಜತೆ ಅವಳ ತಾಯಿ ನೀಲವ್ವನ ಕೂಗು ಬಂತು.

"ಯಾಕ ಬೇ, ದನಿ ನಿಂತಿತು?"

ಹುಡುಗಿಗೆ ನಾನು ಹೇಳಿದ್ದು ಯಾಕೆ ತಲೆಗೆ ಹತ್ತಿರಲಿಲ್ಲ ಎಂದು ಆಗ ತಿಳಿಯಿತು. ಆ ಮನೆಯಲ್ಲಿ ಸುಮ್ಮನೆ ಕೂತು ನೆನೆಯಲು ಅವಕಾಶವೇ ಇರಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಬಂದ ನೀಲವ್ವನಿಗೆ, ಮಗಳು ನಡುನಡುವೆ ಪುಸ್ತಕ ಮುಚ್ಚಿ ಸುಮ್ಮನಿರಬೇಕು ಎಂದೆ. ಆಕೆ ನನ್ನನ್ನೇ ಅನುಮಾನದಿಂದ ನೋಡಿದರು.

"ಪುಸ್ತಕಾ ಮುಚ್ಚಿ ಕುಂತ್ರ ಅದು ಅಭ್ಯಾಸ ಹ್ಯಾಂಗ ಆಕ್ಕೈತ್ರಿ? ನನಗ ಅಕ್ಷರ ಬರೂದಿಲ್ಲ. ದನಿ ಕೇಳಿದ್ರ ಓದಾಕತ್ತಾಳ ಅಂತ ತಿಳೀತೇನಿ. ಅವ್ರಪ್ಪ ಬಂದು ಕೇಳಿದ್ರ ನಾ ಏನ್ ಹೇಳ್ಲಿ?"

ಆಕೆ ಹೇಳಿದ್ದೂ ಸರಿಯೇ ಇತ್ತು. ಕುರ್ಚಿ ಹಾಕಿದ್ದರು, ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಇದ್ದೆ. ಬರುವಾಗ ದಾರಿಯಲ್ಲಿ ಕಂಡ ಮಠ ನೆನಪಾಯಿತು. "ಶ್ರಾವಣದಾಗ ಮಠಕ್ಕ ಪುರಾಣ ಕೇಳಾಕ ಹೋಗ್ತೀರೇನ್ರಿ?" ಎಂದು ಕೇಳಿದೆ.

"ಒಂದ ದಿನಾನೂ ತಪ್ಪಿಸೂದಿಲ್ರಿ."

"ಅಲ್ಲಿ ಬರೇ ಪದ್ಯಾ ಓದಿ ಎದ್ದು ಹೋದ್ರ?"

ನೀಲವ್ವ ನಕ್ಕರು. "ಅರ್ಥ ಹೇಳಲಿಲ್ಲಂದ್ರ ಯಾರ್ ಕುಂದರ್ತಾರ್ರಿ?"

"ಇಕಿನೂ ಹಂಗ ಮಾಡ್ಲಿ. ಒಂದ ಪುಟ ಓದ್ಲಿ, ಪುಸ್ತಕಾ ಮುಚ್ಲಿ, ನಿಮಗ ಕನ್ನಡದಾಗ ಅರ್ಥ ಹೇಳ್ಲಿ. ನಿಮಗ ತಿಳೀಲಿಲ್ಲಂದ್ರ ಮುಂದ ಹೋಗಾಕ ಬಿಡಬ್ಯಾಡ್ರಿ."

ದನಿಯೂ ನಿಲ್ಲುವುದಿಲ್ಲ, ನೆನೆಯುವ ಕೆಲಸವೂ ನಡೆಯುತ್ತದೆ. ನೀಲವ್ವ ಒಪ್ಪಿದರು. ರೇಣುಕಾಳ ಮುಖ ಮಾತ್ರ ಸಪ್ಪಗಾಯಿತು, ಓದುವುದಕ್ಕಿಂತ ಅರ್ಥ ಹೇಳುವುದು ಕಷ್ಟವೆಂದು ಅವಳಿಗೆ ಗೊತ್ತಿತ್ತು.

ಎರಡನೆಯ ವಾರ ಒಂದು ಬೆಳಿಗ್ಗೆ ಅವಳು ಸ್ಟಾಫ್ ರೂಮಿಗೆ ಓಡಿಬಂದಳು. ಕೂರು ಎಂದರೂ ಕೂರಲಿಲ್ಲ.

"ಮೇಡಂ, ಅವ್ವ ರಾತ್ರಿ ಊಟಾನೂ ಮಾಡಿಲ್ರಿ."

ಹಿಂದಿನ ಸಂಜೆ ಅವಳು ಲಿಂಗ ನಿರ್ಧಾರದ ಪುಟ ಓದಿ ಅರ್ಥ ಹೇಳಿದ್ದಳು. ತಾಯಿಯಲ್ಲಿರುವುದು ಎರಡು ಎಕ್ಸ್ ಕ್ರೋಮೋಸೋಮು, ತಂದೆಯಲ್ಲಿ ಒಂದು ಎಕ್ಸ್, ಒಂದು ವೈ. ಗಂಡು ಮಗುವಿಗೆ ಬೇಕಾದ ವೈ ತಂದೆಯಿಂದಲೇ ಬರಬೇಕು. ನೀಲವ್ವನಿಗೆ ಮೂವರೂ ಹೆಣ್ಣುಮಕ್ಕಳು. ಅದಕ್ಕಾಗಿ ಮನೆಯವರ, ಓಣಿಯವರ ಚುಚ್ಚುಮಾತು ಕೇಳುತ್ತಲೇ ದಿನ ಕಳೆದಿದ್ದರು. ಆ ಪುಟವನ್ನು ಅದೆಷ್ಟು ಸಲ ಗಟ್ಟಿಯಾಗಿ ಓದಿದ್ದಳೋ ಹುಡುಗಿ, ತಾಯಿ ಅದೆಷ್ಟು ಸಲ ಒಲೆಯ ಮುಂದೆ ಕೂತು ಕೇಳಿದ್ದರೋ. ಇಬ್ಬರಿಗೂ ಅದು ಬರೀ ದನಿಯಾಗಿತ್ತು.

"ಖರೇ ಏನ, ಮತ್ತೊಮ್ಮಿ ಹೇಳು ಅಂತಾಳ್ರಿ. ಅಪ್ಪನ ಕಡೆ ಎರಡ ಇದ್ರ ಕೂಸಿಗೆ ಒಂದ ಯಾಕ ಹೋಗತೈತಿ ಅಂತ ಕೇಳ್ತಾಳ. ನನಗ ಹೇಳಾಕ ಬರವಲ್ದು."

ಅವಳು ನನ್ನ ಹತ್ತಿರ ತಂದ ಮೊದಲ ಪ್ರಶ್ನೆ ಅದು. ನನ್ನ ಚಹಾ ಆರಿಹೋಯಿತು. ಕೋಶ ವಿಭಜನೆಯಿಂದ ಶುರುಮಾಡಿದೆವು. ಅವಳು ಮತ್ತೆ ಮತ್ತೆ ತಡೆದು ಕೇಳಿದಳು. ಮೊದಲು ಪರೀಕ್ಷೆಗಾಗಿ ಓದುತ್ತಿದ್ದವಳಿಗೆ ಈಗ ಮನೆಯಲ್ಲಿ ಉತ್ತರಕ್ಕೆ ಕಾದಿರುವ ಒಬ್ಬರಿದ್ದರು. ಕೊನೆಯವರೆಗೂ ನನ್ನ ಜೀವಕ್ಕೆ ಸಮಾಧಾನವಿರಲಿಲ್ಲ. ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ಸುಮ್ಮನೆ ಸುತ್ತಿದೆ. ರೇಣುಕಾ ಪಾಸಾದಳು. ಅಂಕ ಭಾರಿಯೇನಲ್ಲ, ನರ್ಸಿಂಗಿಗೆ ಸಾಕಾದವು. ಸೀರೆ ಅಂಗಡಿಯ ಮಾತು ಅಲ್ಲಿಗೇ ಮುಗಿಯಿತು.

ಓದಿದ್ದನ್ನು ಅದು ನಿಜವಾಗಿ ಬೇಕಾಗಿರುವ ಒಬ್ಬರಿಗೆ, ಅವರ ಮಾತಿನಲ್ಲಿ ಹೇಳಿ ನೋಡಬೇಕು. ಇಷ್ಟು ವರ್ಷದ ಕೆಲಸದಿಂದ ನಾನು ಕಲಿತದ್ದು ಇದು. ಹೇಳಲು ಬಾರದಿದ್ದರೆ ಇನ್ನೂ ಓದಿಲ್ಲ ಎಂದೇ ಲೆಕ್ಕ.

ಅವಳು ನರ್ಸಿಂಗ್ ಶಾಲೆಗೆ ಹೊರಡುವ ಮುನ್ನ ನನ್ನನ್ನು ಊಟಕ್ಕೆ ಕರೆದಿದ್ದರು. ನೀಲವ್ವ ಒಂದು ಮುಷ್ಟಿ ಕಾಳು ತಂದು ನೆಲದ ಮೇಲೆ ಹರವಿ, ಮಗಳು ತೋರಿಸಿಕೊಟ್ಟಂತೆ ನನಗೇ ಪಾಠ ಮಾಡಿದರು. ತಾಯಿಯ ಕಡೆ ಎರಡು ಕಡಲೆ. ತಂದೆಯ ಕಡೆ ಒಂದು ಕಡಲೆ, ಒಂದು ಹೆಸರು. ಹೆಸರು ಬಂದರೆ ಗಂಡು.

"ಅವ್ರಪ್ಪನ್ನೂ ಬೈಯಂಗಿಲ್ರಿ, ಅದು ಯಾರ ಕೈಯಾಗಿಂದೂ ಅಲ್ಲಂತ," ಎಂದು ಮಗಳ ಕಡೆ ನೋಡಿದರು. ಆಮೇಲೆ ಆ ಒಂದು ಹೆಸರುಕಾಳನ್ನು ಬೆರಳಿನಿಂದ ಆಚೆ ಸರಿಸಿದರು.

"ನೋಡ್ರಿ ಮೇಡಂ, ಹೆಸರು ನನ್ನ ಕಡೆ ಇರಲೇ ಇಲ್ಲ. ಹೆಸರು ಕೆಟ್ಟಿದ್ದು ಮಾತ್ರ ನಂದು."