ಕೆಂಡದ ಮೇಲೆ ಒಣಗಿಸಿದ ರಕ್ತ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲವೆಂದೆ, ಒಮ್ಮೆ ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಈಗ ನೆವಗಳೇ ಮುಗಿದಿವೆ.

ಬ್ರಿಟಿಷರಿನ್ನೂ ಇದ್ದ ಕಾಲ. ಹೈಸ್ಕೂಲು ಮುಗಿಸಿದ ನನಗೆ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ ಸಿಕ್ಕಿತ್ತು. ಆಸ್ಪತ್ರೆಯೆಂದರೆ ಎರಡು ಕೋಣೆ. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಅಲ್ಲಿ ನಾನೇ ಎಲ್ಲ.

ಒಂದು ಮಳೆಗಾಲದಲ್ಲಿ ಮರಗಸಿ ಮಾಡುವ, ಎಂದರೆ ನೆರಳುಮರಗಳ ಕೊಂಬೆ ಕಡಿಯುವ, ಹುಡುಗನೊಬ್ಬ ಜ್ವರದಿಂದ ಬಂದು ಮಲಗಿದ. ಜೊತೆಗೆ ಅವನ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹಿಂದಿನ ವರ್ಷ ಮಲೇರಿಯಾಕ್ಕೆ ಕ್ವಿನೈನ್ ಕುಡಿದಾಗ ಅವನ ಮೂತ್ರ ಕಪ್ಪಗೆ ಹೋಗಿ, ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತು. ಹಾಗಾಗಿ ಡಾಕ್ಟರು ಹಿಂಜರಿದರು.

“ಇದು ಮಲೇರಿಯಾವೋ ಟೈಫಾಯ್ಡೋ ತಿಳೀದೆ ಮತ್ತೆ ಕ್ವಿನೈನ್ ಕೊಡೋ ಧೈರ್ಯ ನಂಗಿಲ್ಲ. ಚಳಿ ಬಂದಾಗ ಬೆರಳು ಚುಚ್ಚಿ ರಕ್ತ ತೆಗಿ. ಗಾಜಿನ ಮೇಲೆ ಸವರಿ, ಚೆನ್ನಾಗಿ ಒಣಗಿಸಿ ಚಿಕ್ಕಮಗಳೂರಿಗೆ ಕಳ್ಸು. ಅಲ್ಲಿ ನೋಡಿ ಹೇಳ್ತಾರೆ.”

ನಾನು ಬೆರಳು ಹಿಂಡುವಾಗ ಅವನು ನಡುಗುತ್ತಲೇ ನಕ್ಕ. “ಇಂಬಳನೇ ವಾಸಿ ಮಾರಾಯ್ರೆ, ಅದು ಕಚ್ಚಿ ರಕ್ತ ಹೀರಿದ್ರೂ ಗೊತ್ತಾಗಲ್ಲ.”

“ಸುಮ್ನಿರೋ, ಬಾಯಿಗೊಂದು ಬೀಗ ಇಲ್ಲ” ಎಂದು ಅಕ್ಕ ಗದರಿದಳು.

ರಕ್ತ ಒಣಗಲಿಲ್ಲ. ಆ ಮಳೆಯಲ್ಲಿ ಅಂಗಿ, ಕಂಬಳಿ, ಬೆಂಕಿಪೆಟ್ಟಿಗೆ ಎಲ್ಲವನ್ನೂ ನಾವು ಬೆಂಕಿಯ ಹತ್ತಿರವಿಟ್ಟೇ ಒಣಗಿಸುತ್ತಿದ್ದೆವು. ಬಸ್ಸಿನ ಹೊತ್ತಾಗಿತ್ತು. ನಾನೇ ಕೇಳಿದೆ: “ಅಕ್ಕ, ಒಂಚೂರು ಕೆಂಡ ತರ್ತೀರಾ?” ಆಕೆ ಕೂಲಿಯಾಳುಗಳ ಲೈನಿನ ಮನೆಗೆ ಓಡಿಹೋಗಿ ಮಡಕೆಚೂರಿನಲ್ಲಿ ಕೆಂಡ ತಂದಳು. ಗಾಜನ್ನು ಅದರ ಮೇಲೆ ಹಿಡಿದವನು ನಾನು. ರಕ್ತ ಕ್ಷಣದಲ್ಲಿ ಒಣಗಿತು. ಬಸ್ಸಿಗೆ ಕೊಟ್ಟು ಬಂದೆ.

ಆಮೇಲೆ ಕಾಯುವುದು. ಜ್ವರ ನೋಡುವುದು, ಮೂತ್ರವನ್ನು ಬಾಟಲಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ಬಣ್ಣ ನೋಡುವುದು. ನೋಡುವುದಷ್ಟೇ, ಮಾಡುವುದಕ್ಕೆ ಏನೂ ಇರಲಿಲ್ಲ. ನಾನು ಥರ್ಮಾಮೀಟರ್ ತೆಗೆದಾಗಲೆಲ್ಲ ಆಕೆ “ಎಷ್ಟಿದೆ? ಇಳೀತಾ?” ಎಂದು ಕೇಳುವಳು, ಇಳಿಸುವುದು ನನ್ನ ಕೈಯಲ್ಲಿದೆ ಎಂಬಂತೆ. ದಿನವೂ ಬಸ್ಸಿನ ಡ್ರೈವರ್ ದೂರದಿಂದಲೇ ಕೈ ಅಲ್ಲಾಡಿಸುತ್ತಿದ್ದ: ಏನೂ ಬಂದಿಲ್ಲ. ಮಲಗಿದ್ದವನ ತಮಾಷೆ ನಿಂತಿತು. ಆಮೇಲೆ ಮಾತೂ ನಿಂತಿತು.

ಕೊನೆಗೆ ಗಾಜನ್ನು ಡಾಕ್ಟರೇ ತಂದರು. “ಇದನ್ನ ಬೇಯಿಸಿದ್ದು ಯಾರು? ರಕ್ತ ಬೆಂದು ಗಾಜಿಗೆ ಕೂತಿದೆ, ಏನೂ ಕಾಣಲ್ಲ ಅಂತ ವಾಪಸ್ ಕಳ್ಸಿದ್ದಾರೆ. ಎಷ್ಟು ದಿನ ಹಾಳಾಯ್ತು!”

“ಅವ್ರು ಕೆಂಡ ತಂದಿಟ್ರು ಸಾರ್” ಎಂದೆ.

ಅದರಲ್ಲಿ ಸುಳ್ಳೆಂಬುದು ಇರಲಿಲ್ಲ. ಕೆಂಡ ಕೇಳಿದ್ದು ಯಾರು, ಗಾಜು ಹಿಡಿದದ್ದು ಯಾರು ಎಂಬುದನ್ನು ಮಾತ್ರ ಬಿಟ್ಟಿದ್ದೆ. ಆಕೆ ಬಾಯಿ ತೆರೆದಳು. ನನ್ನನ್ನು ನೋಡಿದಳು. ತಮ್ಮನ ಕಡೆ ತಿರುಗಿ ಕಂಬಳಿ ಸರಿಮಾಡಿದಳು.

“ನಿಂಗೆ ಬುದ್ಧಿ ಬೇಡ್ವೇನಮ್ಮ?” ಎಂದ ಡಾಕ್ಟರು ತಾವೇ ಹೊಸದಾಗಿ ರಕ್ತ ತೆಗೆದು, ರಟ್ಟಿನಿಂದ ಗಾಳಿ ಬೀಸಿ ಒಣಗಿಸಿ, ತಮ್ಮ ಕಾರಿನಲ್ಲೇ ಒಯ್ದರು. ಈ ಸಲ ಉತ್ತರ ಬಂತು: ಮಲೇರಿಯಾ. ಅವರು ಧೈರ್ಯ ಮಾಡಿ ಕ್ವಿನೈನ್ ಇಂಜೆಕ್ಷನ್ ಹಿಡಿದು ಬರುವ ಹೊತ್ತಿಗೆ ಅವನಿಗೆ ಪ್ರಜ್ಞೆ ಇರಲಿಲ್ಲ. ಚುಚ್ಚಿದ್ದು ಅವನಿಗೆ ತಿಳಿಯಲೇ ಇಲ್ಲ. ಮರುದಿನ ಹೋಗಿಬಿಟ್ಟ.

ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಡಾಕ್ಟರೂ ಹೇಳಲಿಲ್ಲ. ಆದರೆ ಲೈನಿನಲ್ಲಿ ಎಲ್ಲರೂ ಹೇಳಿದರು. ಕೆಂಡ ತಂದು ತಮ್ಮನನ್ನು ಕಳಕೊಂಡಳು ಎಂದರು. ನಾನು ಔಷಧಿ ಬಾಟಲಿ ತೊಳೆಯುತ್ತಾ ಕೇಳಿಸಿಕೊಂಡೆ.

ಹಣ್ಣು ಕೊಯ್ಲಿನ ಕಾಲದಲ್ಲಿ ಆಕೆ ಕೈಗೆ ಗಾಯವಾಗಿ ಬಂದಳು. ಪಟ್ಟಿ ಕಟ್ಟುತ್ತಾ ಧೈರ್ಯ ಮಾಡಿ “ಅಕ್ಕ, ಅವತ್ತು...” ಎಂದೆ.

“ನಿಮ್ದೇನ್ ತಪ್ಪು? ನೀವು ಒಂಚೂರು ಅಂದಿದ್ರಿ. ಬೇಗ ಒಣಗ್ಲಿ ಅಂತ ನಾನೇ ತುಂಬ ತಂದ್ಬಿಟ್ಟೆ” ಎಂದಳು.

ನಾನು ಗಂಟು ಬಿಗಿದು, “ನೀರು ತಾಗಿಸ್ಬೇಡಿ” ಎಂದೆ. ಅಷ್ಟೇ ಹೇಳಿದೆ. ಮುಂದಿನ ವರ್ಷ ಆಕೆ ಬೇರೆ ತೋಟಕ್ಕೆ ಹೋದಳು. ಎಲ್ಲಿಗೆಂದು ನಾನು ವಿಚಾರಿಸಲಿಲ್ಲ.

ಡಾಕ್ಟರನ್ನಲ್ಲ, ಸತ್ತ ಹುಡುಗನನ್ನೂ ಅಲ್ಲ. ನಾನು ಕ್ಷಮೆ ಕೇಳಬೇಕಾಗಿದ್ದದ್ದು, ಕೇಳದೆ ಉಳಿದದ್ದು, ಆ ಅಕ್ಕನನ್ನು.